ಕೋಲು ಬೀಳದ ಒಂದು ಜಿಗಿತ

ಎತ್ತರ ಜಿಗಿತದಲ್ಲಿ ಇಡೀ ರಷ್ಯಾವನ್ನೇ ಗೆದ್ದ ಲೀದಾ, ಮೂವತ್ತೈದನೆಯ ವಯಸ್ಸಿನಲ್ಲಿ ವೋಲ್ಗಾ ದಂಡೆಯ ತನ್ನ ಹಳ್ಳಿಗೆ ಬಂದಳು. ಜಿಗಿಯಲು ಕಲಿಸಿದ ಮೇಷ್ಟ್ರು ಸವೇಲಿ ಫೋಮಿಚ್ ಇನ್ನೂ ಇದ್ದರು. ಶಾಲೆಯ ಬಯಲೂ ಇತ್ತು.

ಎರಡು ಕಂಬ, ಕಂಬಗಳಿಗೆ ಮೂರು ಬೆರಳಿಗೊಂದರಂತೆ ಹೊಡೆದ ಮೊಳೆ, ಮೊಳೆಗಳ ಮೇಲೆ ಅಡ್ಡಲಾಗಿ ಒಂದು ಕೋಲು. ಆಚೆ ಬೀಳುವುದಕ್ಕೆ ಮರದ ಹೊಟ್ಟಿನ ರಾಶಿ. ಆ ಹೊಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಲೀದಾ ಬಾಗಿ ಒಂದು ಹಿಡಿ ಕೈಗೆತ್ತಿಕೊಂಡಳು.

"ಅವತ್ತು ಅರ್ಧ ಜೀವ ಇಲ್ಲೇ ಬಿಟ್ಟು ಹೋಗಿದ್ದೆಯಲ್ಲ, ಒಯ್ಯೋಕೆ ಬಂದೆಯಾ?" ಎಂದರು ಮೇಷ್ಟ್ರು.

ಅದು ಹಳೆಯ ಕೀಟಲೆ. ಆ ನಾಡಿನಲ್ಲಿ ದೂರ ಹೊರಟವರು ಬಾಗಿಲು ದಾಟುವ ಮುಂಚೆ ಒಂದು ಗಳಿಗೆ ಸುಮ್ಮನೆ ಕೂರಬೇಕು. ಕಳಿಸಿಕೊಡುವವರೂ ಜೊತೆಗೆ ಕೂರುತ್ತಾರೆ. ಕೂರದೆ ಹೋದವರ ಅರ್ಧ ಜೀವ ಅಲ್ಲೇ ಉಳಿಯುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ಹದಿನೇಳರ ಲೀದಾ ಮಾಸ್ಕೋ ರೈಲು ತಪ್ಪೀತೆಂದು, ಅವರು ಬಯಲಿನ ಬೆಂಚಿನ ಮೇಲೆ ಕಾದು ಕೂತಿದ್ದಂತೆಯೇ ಎದ್ದೆನೋ ಬಿದ್ದೆನೋ ಎಂದು ಓಡಿದ್ದಳು.

ಲೀದಾ ನಗಲಿಲ್ಲ. ಮಂಡಿ ಸೋತಿದೆಯೆಂದಳು. ಈ ವರ್ಷದ ಮೂರು ಕ್ರೀಡಾಕೂಟಗಳಲ್ಲೂ ಮೊದಲ ಎತ್ತರಕ್ಕೇ ಕೋಲು ಬಿತ್ತೆಂದೂ, ಇನ್ನು ಸಾಕು ಮಾಡು ಎಂದು ವೈದ್ಯರು ಹೇಳಿದ್ದಾರೆಂದೂ ತಿಳಿಸಿದಳು.

"ಬಿಡು ಮತ್ತೆ."

"ಹೇಗೆ ಬಿಡಲಿ, ಸವೇಲಿ ಫೋಮಿಚ್? ನಮ್ಮ ಆಟ ಎಂಥದ್ದು ನೋಡಿ. ಗೆದ್ದ ದಿನವೂ ಇನ್ನೂ ಮೇಲೆ ಇಡಿ ಅಂದೆ, ಕೋಲು ಬೀಳಿಸಿಯೇ ಮನೆಗೆ ಹೋದೆ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ನನ್ನ ಕೊನೆಯ ಜಿಗಿತಕ್ಕೆ ಕೋಲು ನಿಂತಿಲ್ಲ. ಒಂದು ಸಲ ನಿಲ್ಲಲಿ. ಆಮೇಲೆ ಬಿಡ್ತೀನಿ."

ಮೇಷ್ಟ್ರು ಎದ್ದು ಹೋಗಿ ಕೋಲನ್ನು ಅವಳ ಸೊಂಟದ ಎತ್ತರಕ್ಕೆ ಇಟ್ಟರು.

"ಜಿಗಿ. ನಿಲ್ಲುತ್ತೆ."

ಲೀದಾಳಿಗೆ ಅವಮಾನವೆನಿಸಿತು. ಆದರೂ ಗುರುವಿನ ಮಾತು. ಶೂ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿ, ಚಿಕ್ಕಂದಿನಂತೆ ಒಂದರ ಹಿಂದೊಂದು ಕಾಲೆತ್ತಿ ದಾಟಿದಳು. ಹೊಟ್ಟಿನಲ್ಲಿ ಕೂತು ತಿರುಗಿ ನೋಡಿದರೆ ಕೋಲು ಅಲುಗಿರಲಿಲ್ಲ.

"ಆಯ್ತಲ್ಲ, ಕೋಲು ನಿಂತಿದೆ. ಮನೆಗೆ ಹೋಗು."

ಹೋಗಲು ಮನಸ್ಸು ಬಿಡಬೇಕಲ್ಲ. ಲೀದಾ ಕಂಬದ ಹತ್ತಿರ ಹೋಗಿ ಕೋಲನ್ನು ಒಂದು ಮೊಳೆ ಮೇಲೇರಿಸಿದಳು. ಜಿಗಿದಳು. ಮತ್ತೆರಡು ಮೊಳೆ ಏರಿಸಿದಳು. ಒಂದೊಂದು ಮೊಳೆಯ ಕಥೆಯೂ ಅವಳಿಗೆ ನೆನಪಿತ್ತು. ಇದು ಅಮ್ಮ ಕೆಲಸ ಬಿಟ್ಟು ನೋಡಲು ಬಂದ ದಿನದ್ದು, ಇದು ಹಲ್ಲು ಮುರಿದುಕೊಂಡ ದಿನದ್ದು. ಕೋಲು ಎದೆ ದಾಟಿತು, ಗಲ್ಲ ದಾಟಿತು. ಹಣೆಯ ಮಟ್ಟದಲ್ಲಿ ತುಕ್ಕು ಹಿಡಿದ ಕೊನೆಯ ಮೊಳೆ. ರೈಲು ಹತ್ತುವ ಹಿಂದಿನ ದಿನ ಮೇಷ್ಟ್ರು ಹೊಡೆದದ್ದು. ಅಂದು ಅದನ್ನು ದಾಟಿದ್ದಳು.

ಇಂದು ಕೋಲು ಬಿತ್ತು.

ಹೊಟ್ಟಿನ ಮೇಲೆ ಅಂಗಾತ ಮಲಗಿ ಲೀದಾ ಅತ್ತಳು. ಅಳುತ್ತಿದ್ದಂತೆಯೇ ನಗುವೂ ಬಂತು.

"ಏರಿಸಿದ್ದು ಯಾರು?" ಮೇಷ್ಟ್ರು ಕೇಳಿದರು.

"ನಾನೇ."

"ಯಾರಾದರೂ ಏರಿಸು ಅಂದರಾ?"

"ಇಲ್ಲ. ನಿಂತ ಕೋಲು ನೋಡಿ ಸುಮ್ಮನಿರೋಕೆ ಆಗಲಿಲ್ಲ. ಯಾವತ್ತೂ ಆಗಿರಲಿಲ್ಲ."

ಸವೇಲಿ ಫೋಮಿಚ್ ಬಿದ್ದ ಕೋಲನ್ನು ಎತ್ತಿ, ಹೊಟ್ಟು ಒರೆಸಿದರು. ಮೊಳೆಗೆ ಇಡಲಿಲ್ಲ. ಅದೇ ಹಳೆಯ ಬೆಂಚಿಗೆ ಒರಗಿಸಿ, ತಾವು ಒಂದು ತುದಿಯಲ್ಲಿ ಕೂತು, ಪಕ್ಕದ ಹಲಗೆಯನ್ನು ಅಂಗೈಯಿಂದ ತಟ್ಟಿದರು.

"ಬಾ ಮಗಳೇ, ಒಂದು ಗಳಿಗೆ ಕೂತ್ಕೋ. ಈ ಸಲ ಪೂರ್ತಿ ಹೊರಡು."