ಮ್ಯಾನೇಜರ್ ಕಲಿತ ಎಣಿಕೆ

ನಮ್ಮ ಸೊಸೆ ದುಡಿಯುತ್ತಿದ್ದ ಗಾರ್ಮೆಂಟ್ಸ್‌ಗೆ ಹೊರರಾಜ್ಯದ ಮ್ಯಾನೇಜರ್ ಬಂದ. ಬಂದವನೇ ಹೆಂಗಸರಿಗೆ ಇದ್ದ ಒಂದೇ ಕಕ್ಕಸಿಗೆ ಎರಡು ಬೀಗ ಜಡಿಸಿದ. ಕೀಲಿ ಕೇಳಿದವರಿಗೆ ಮೂರೇ ನಿಮಿಷ.

ರಾಜ್ಯೋತ್ಸವದ ಹಿಂದಿನ ದಿನ ಅವನು ಅಲ್ಪಸ್ವಲ್ಪ ಹಿಂದಿ ಬಲ್ಲ ಟೀ ಕೊಡುವ ಹೆಂಗಸನ್ನು ಕರೆದು ಹಿಂದಿಯಲ್ಲಿ ಹೇಳಿದ. "ನಾಳೆ ಮಾಲೀಕರ ಮುಂದೆ ನಾನು ಕನ್ನಡದಲ್ಲಿ ನಾಲ್ಕರವರೆಗೆ ಎಣಿಸಬೇಕು. ಕಲಿಸು, ಇಲ್ಲವೇ ಕೆಲಸ ಬಿಡು."

"ಬರೀ ಸಂಖ್ಯೆ ಮರೆತುಹೋಗುತ್ತೆ ಸಾರ್. ಮಕ್ಕಳಿಗೆ ಕಲಿಸೋ ಹಾಗೆ ಒಂದೊಂದು ಹೆಸರು ಸೇರಿಸಿ ಹೇಳಿಕೊಡ್ತೀನಿ. ಅರ್ಥ ಹೇಳಲಾ?"

"ಅರ್ಥ ಯಾರಿಗೆ ಬೇಕು? ಚಪ್ಪಾಳೆ ಬಿದ್ದರೆ ಸಾಕು."

ಮರುದಿನ ಮೈಕ್ ಹಿಡಿದು ಎದೆಯುಬ್ಬಿಸಿ ಎಣಿಸಿದ.

"ಒಂದು ಕಕ್ಕಸು. ಎರಡು ಬೀಗ. ಮೂರು ನಿಮಿಷ. ನಾಲ್ಕು ನೂರು ಹೆಂಗಸರು."

ಚಪ್ಪಾಳೆ ನಿಲ್ಲಲೇ ಇಲ್ಲ. ಅವನು ಹಿಗ್ಗಿ ಇನ್ನೊಮ್ಮೆ ಎಣಿಸಿದ. ಅತಿಥಿಗಳ ಪಕ್ಕದಲ್ಲಿ ಕೂತಿದ್ದ ಮಾಲೀಕರ ಮುಖ ಕಪ್ಪಿಟ್ಟಿತು.

ವೇದಿಕೆ ಇಳಿದ ಮೇಲೆ ಯಾರೋ ಅವನಿಗೆ ಅರ್ಥ ಹೇಳಿದರು. "ಏನೇ ಕಲಿಸಿದೆ ನನಗೆ?" ಎಂದು ಕೂಗಾಡಿದ.

"ಎಣಿಕೆ ಸಾರ್. ಎಲ್ಲಾದರೂ ತಪ್ಪಿದೆಯಾ?"

ತಪ್ಪಿರಲಿಲ್ಲ. ಮಾನಕ್ಕೆ ಅಂಜಿದ ಮಾಲೀಕರು ಅಂದೇ ಬೀಗ ತೆಗೆಸಿದರು. ಮಾರನೇ ದಿನ ಅವಳನ್ನೂ ಕೆಲಸದಿಂದ ತೆಗೆದರು.

ಈಗ ಟೀ ಕೊಡುವವಳಿಗೆ ಕನ್ನಡ ಬರುವುದಿಲ್ಲ. ನೋಡಿಯೇ ಆರಿಸಿದ್ದಾರೆ.