ಬರುವಾಗ ಖಾಲಿಯಾಗಿದ್ದ ವಿಮಾನ

“ಗುರುಗಳೇ, ನಮ್ಮ ಊರಿಗೆ ಬರುತ್ತಿದ್ದ ವಿಮಾನ ನಿಂತುಹೋಯಿತು. ಅದನ್ನು ಮರಳಿ ತರಲು ಯಾರ ಬಳಿ ಹೋಗಿ ಬೇಡಬೇಕು?” ಎಂದು ಶಿಷ್ಯ ಚನ್ನವೀರ ಕೇಳಿದನು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಅಂಜೂರದ ತೋಟಗಳಿದ್ದವು. ಅಲ್ಲಿ ಹಣ್ಣಿನ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬಳಿದ್ದಳು. ಬೆಳಗಿನ ವಿಮಾನದಲ್ಲಿ ಅವಳು ಕಳಿಸಿದ ಹಣ್ಣು ಅಂದೇ ದೂರದ ಪೇಟೆ ಸೇರುತ್ತಿತ್ತು. ಹೀಗಿರುವಾಗ ವಿಮಾನ ಕಂಪನಿಯವರು ತಮ್ಮ ಮಾರ್ಗ ಬದಲಿಸಿದರು. ವಿಮಾನ ಪಕ್ಕದ ಊರಿನ ಪಾಲಾಯಿತು. ಅದರ ಹಿಂದೆಯೇ ಪೇಟೆಯ ಖರೀದಿದಾರರೂ ಹೋದರು. ಹಣ್ಣು ಬುಟ್ಟಿಯಲ್ಲೇ ಕೊಳೆಯತೊಡಗಿತು.

ವ್ಯಾಪಾರಿ ಕಂಪನಿಯ ಅಧಿಕಾರಿಯನ್ನು ಹುಡುಕಿಕೊಂಡು ಹೋದಳು. “ನಮ್ಮ ವಿಮಾನವನ್ನು ಯಾಕೆ ಕಿತ್ತುಕೊಂಡಿರಿ, ಸ್ವಾಮಿ?” ಎಂದು ಕೇಳಿದಳು.

“ಕಿತ್ತುಕೊಳ್ಳಲಿಲ್ಲ ತಾಯಿ. ನಿಮ್ಮ ಊರಿನಿಂದ ಹೊರಡುವಾಗ ವಿಮಾನ ತುಂಬಿರುತ್ತಿತ್ತು, ಬರುವಾಗ ಖಾಲಿ. ನಿಮ್ಮ ಊರಿಗೆ ಬರಬೇಕೆನ್ನುವವರು ಯಾರಿದ್ದಾರೆ, ಹೇಳಿ?”

ಆ ಮಾತು ಅವಳಿಗೆ ನಾಟಿತು. ಊರಿಗೆ ಬಂದು ಬೆಳೆಗಾರರನ್ನು ಸೇರಿಸಿದಳು. ಮಂತ್ರಿಗಳ ಕಾಲು ಹಿಡಿಯೋಣ ಎಂದರು ಕೆಲವರು. ಅವಳು ಒಪ್ಪಲಿಲ್ಲ.

“ಈ ಸೀಮೆಯಲ್ಲಿ ನಮ್ಮ ಹಾಗೆ ಅಂಜೂರ ಬೆಳೆಯುವವರು ಯಾರಾದರೂ ಇದ್ದಾರೆಯೇ?” ಎಂದು ಕೇಳಿದಳು.

“ಯಾರೂ ಇಲ್ಲವಮ್ಮ,” ಎಂದನು ಒಬ್ಬ ಮುದುಕ.

“ಹಾಗಾದರೆ ಹೊರಗಿನವರು ನಮ್ಮಲ್ಲಿಗೆ ಕಲಿಯುವುದಕ್ಕೆ ಬರಲಿ,” ಎಂದಳು ಅವಳು.

ಬೆಳೆಗಾರರು ಬೆದರಿದರು. ನೆಡುವ ಅಂಜೂರದ ಕಡ್ಡಿಯನ್ನೂ ಕೊಂಬೆ ಸವರುವ ಬಗೆಯನ್ನೂ ಅವರು ಹೊರಗಿನವರಿಗೆ ಎಂದೂ ಬಿಟ್ಟುಕೊಟ್ಟವರಲ್ಲ. ವ್ಯಾಪಾರಿ ತನ್ನ ತೋಟದ ಬೇಲಿಯನ್ನು ತಾನೇ ಮೊದಲು ತೆಗೆಸಿದಳು. ಮಾರಾಟವಾಗದ ಹಣ್ಣನ್ನು ಒಣಗಿಸಿ ರಸ್ತೆಯ ಮೂಲಕ ಕಳಿಸಿದಳು. ಕಲಿಯಲು ಮೊದಲು ಬಂದವನು, ವಿಮಾನವನ್ನು ಪಡೆದ ಆ ಪಕ್ಕದ ಊರಿನ ರೈತ. ಅವನಿಗೂ ಕಡ್ಡಿ ಕೊಟ್ಟು, ನೆಡುವುದನ್ನು ಕೈ ಹಿಡಿದು ಕಲಿಸಿದಳು.

ಕೆಲವು ವರ್ಷಗಳಲ್ಲಿ ಸುತ್ತಲಿನ ಸೀಮೆಯೆಲ್ಲ ಅಂಜೂರ ಬೆಳೆಯಿತು. ಅಷ್ಟು ಹಣ್ಣು ಒಂದೆಡೆ ಸಿಗುವುದನ್ನು ಕಂಡು ದೊಡ್ಡ ಖರೀದಿದಾರರು ಅವಳ ಊರಿಗೆ ಬಂದು ಶೀತಲ ಉಗ್ರಾಣ ಕಟ್ಟಿದರು. ಸಸಿ ಕೊಳ್ಳುವವರು, ಕೃಷಿ ಓದುವವರು, ಬೇರೆ ರಾಜ್ಯದ ರೈತರು ಬಸ್ಸು ಹಿಡಿದು, ರೈಲು ಹಿಡಿದು ಬಂದರು. ಎಲ್ಲರೂ ಕೇಳುತ್ತಿದ್ದುದು ಅವಳ ಊರಿನ ದಾರಿಯನ್ನೇ.

ಆಗ ಅದೇ ಅಧಿಕಾರಿ ಅವಳ ತೋಟಕ್ಕೆ ಬಂದನು. ಮಧ್ಯಾಹ್ನಕ್ಕೊಂದು ವಿಮಾನ ಬಿಡುತ್ತೇವೆ ಎಂದನು. ಬಿಸಿಲೇರಿದರೆ ಹಣ್ಣು ಬಾಡುತ್ತದೆ, ಬೆಳಗ್ಗೆಯೇ ಬಿಡಿ ಎಂದಳು ಅವಳು. ಅವನು ಅದಕ್ಕೆ ಒಪ್ಪಿದನು. ಅವಳು ತಲೆಯೆತ್ತಿಕೊಂಡೇ ಅವನನ್ನು ಬೀಳ್ಕೊಟ್ಟಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

“ವಿಮಾನ ಮರಳಿ ಬಂದ ದಿನ ಊರವರು ಹಬ್ಬ ಮಾಡಿದರೇ?” ಎಂದು ಚನ್ನವೀರ ಕೇಳಿದನು.

“ಇಲ್ಲ, ಇಳಿದು ಬಂದವರಿಗೆ ತೋಟ ತೋರಿಸುವುದರಲ್ಲೇ ಅವರಿಗೆ ಸಂಜೆಯಾಯಿತು,” ಎಂದರು ಗುರುಗಳು.