ಜಾಲಿಗೆ ಜೋಡಿ ಮುಳ್ಳು ಬಂದದ್ದು

ಅಳಬೇಡ ಕೂಸೇ, ಕಾಲು ಇತ್ತ ಚಾಚು. ಒಂದು ಜಾಲಿ ಮುಳ್ಳಿಗೆ ಊರೆಲ್ಲ ಕೇಳುವ ಹಾಗೆ ಕೂಗಿದೆಯಲ್ಲ! ಐವತ್ತು ವರ್ಷ ಚಪ್ಪಲಿ ಹೊಲಿದ ಅಜ್ಜಿ ನಾನು, ಒಂದು ಮುಳ್ಳು ತೆಗೆಯಲಾರೆನೇ? ಬೆಚ್ಚಗಿನ ಹರಳೆಣ್ಣೆ ಹಚ್ಚಿದ್ದೇನೆ, ಚರ್ಮ ಮೆತ್ತಗಾಗಲಿ. ಆದರೆ ಆ ಮರಕ್ಕೆ ಬೈದೆಯಲ್ಲ, ಅದು ಮಾತ್ರ ನನಗೆ ಸೇರಲಿಲ್ಲ. ಅದರ ಕಥೆ ಕೇಳು, ಆಮೇಲೆ ಬೇಕಾದರೆ ಬಯ್ಯಿ.

ಭೂಮಿ ಹೊಚ್ಚ ಹೊಸದಾಗಿದ್ದ ಕಾಲ ಅದು. ಗುಡ್ಡಗಳು ಎಲ್ಲಿ ಕೂರಬೇಕೆಂದು ಇನ್ನೂ ಜಾಗ ನೋಡುತ್ತಿದ್ದವು. ಕುಂಬಾರ ಹುಟ್ಟಿರಲಿಲ್ಲ, ಹಾಗಾಗಿ ಕೊಡವೂ ಇರಲಿಲ್ಲ. ಸೋರೆ ಬಳ್ಳಿ ಹೂ ಬಿಡುತ್ತಿತ್ತು, ಕಾಯಿ ಬಿಡಲು ಕಲಿತಿರಲಿಲ್ಲ. ಬಾಯಾರಿದವರು ಹೊಳೆಗೇ ಹೋಗಿ ಬಗ್ಗಿ ಕುಡಿಯಬೇಕು. ಹುಲಿಯೂ ಅಷ್ಟೇ, ಇಲಿಯೂ ಅಷ್ಟೇ.

ಆಗ ಜಾಲಿ ಮರಕ್ಕೆ ಗೆಣ್ಣಿಗೊಂದೇ ಮುಳ್ಳು. ಇಲ್ಲೊಂದು, ಅಲ್ಲೊಂದು, ಒಂದರ ಮುಖ ಇನ್ನೊಂದು ಕಂಡಿರಲಿಲ್ಲ.

ಆ ಮರದ ನೆರಳಿನಲ್ಲಿ ಸಂಕವ್ವ ಎಂಬ ಹೆಂಗಸು ಇದ್ದಳು. ಅವಳ ಜೊತೆಗೆ ಒಂದು ಮುದಿ ಎಮ್ಮೆ, ಅದರ ಕಡೆಯ ಕರು. ಹೆತ್ತ ತಾಯಿಯನ್ನು ಕಾಣದ ಸಂಕವ್ವ ಆ ಎಮ್ಮೆಯ ಹಾಲು ಕುಡಿದೇ ಬೆಳೆದವಳು. ಕರುವಿನ ಹಿಂಗಾಲು ಹುಟ್ಟುವಾಗಲೇ ಸೊಟ್ಟ. ನಾಲ್ಕು ಹೆಜ್ಜೆ ಹಾಕಿದರೆ ಐದನೆಯದಕ್ಕೆ ಕೂರುತ್ತಿತ್ತು.

ಲೋಕದ ಮೊದಲ ಬೇಸಿಗೆ ಬಂತು. ಎಷ್ಟು ಕಾಯಬೇಕು ಎನ್ನುವ ಹದ ಸೂರ್ಯನಿಗೆ ಗೊತ್ತಿರಲಿಲ್ಲ. ಸುಮ್ಮನೆ ಉರಿಯುತ್ತಲೇ ಇದ್ದ. ಹೊಳೆ ದಿನಕ್ಕೊಂದು ಹೆಜ್ಜೆ ಹಿಂದೆ ಸರಿಯಿತು, ದಿನಕ್ಕೊಂದು ಹೆಜ್ಜೆ ಹಿಂದೆ ಸರಿಯಿತು.

ಒಂದು ಬೆಳಿಗ್ಗೆ ಎಮ್ಮೆ ಏಳಲಿಲ್ಲ. ಸಂಕವ್ವನನ್ನು ಹತ್ತಿರ ಕರೆಯಿತು.

"ಮಗಳ, ನಾ ಇನ್ನ ಏಳಂಗಿಲ್ಲ. ನನ್ನ ಕೂಸು ಹೊಳೀತನ ನಡೀಲಾರದು. ನಾ ಸತ್ತ ಮ್ಯಾಲ ನನ್ನ ತೊಗಲು ಮಣ್ಣಾಗ ಹಾಕಬ್ಯಾಡ. ಅದರಾಗ ನೀರು ತುಂಬಿ ತಂದು ಕೂಸಿಗೆ ಕುಡಸು. ಹಾಲು ಕೊಟ್ಟಾಕಿ ನಾನ, ನೀರೂ ನಾನ ಕೊಟ್ಟಂಗ ಆಗ್ಲಿ."

"ಆತವ್ವಾ," ಎಂದಳು ಸಂಕವ್ವ. ಎಮ್ಮೆ ಕಣ್ಣು ಮುಚ್ಚಿತು.

ಮಾತು ಕೊಟ್ಟಳು, ಸರಿ. ಮಾಡುವುದು ಹೇಗೆ? ಸುಲಿದಿಟ್ಟ ತೊಗಲು ಎರಡೇ ದಿನಕ್ಕೆ ನಾರತೊಡಗಿತು. ಸಂಕವ್ವ ಮರದ ಬುಡದಲ್ಲಿ ಕೂತು ಅತ್ತಳು. ಆಗ ತಲೆಯ ಮೇಲಿಂದ ಒಂದು ಒರಟು ದನಿ ಕೇಳಿತು. ಜಾಲಿಯಜ್ಜ ಮಾತಾಡಿದ್ದು ಅದೇ ಮೊದಲು.

"ಅಳಬ್ಯಾಡವ್ವಾ. ನನ್ನ ತೊಗಟಿ ಜಜ್ಜಿ ನೀರಾಗ ಹಾಕಿ, ಅದರಾಗ ತೊಗಲು ನೆನಸು. ಕೊಳಿಯಂಗಿಲ್ಲ. ಆದ್ರ ಸುತ್ತ ಸುಲಿಬ್ಯಾಡ, ಒಂದ ಮಗ್ಗಲದಾಗ ತಗೋ. ಸುತ್ತ ಸುಲಿದ್ರ ನಾ ಒಣಗಿ ಹೋಗ್ತೀನಿ."

ಸಂಕವ್ವ ಒಂದೇ ಮಗ್ಗುಲಿನಲ್ಲಿ ತೊಗಟೆ ತೆಗೆದಳು. ಗಾಯಕ್ಕೆ ಹಸಿಮಣ್ಣು ಮೆತ್ತಿದಳು. ಹೊಳೆದಂಡೆಯ ಬಂಡೆಗುಂಡಿಯಲ್ಲಿ ತೊಗಲನ್ನು ಅಮಾವಾಸ್ಯೆಯಿಂದ ಹುಣ್ಣಿಮೆಯ ತನಕ ನೆನೆಸಿದಳು. ಅಷ್ಟು ದಿನವೂ ಕರುವಿಗೆ ಮುತ್ತುಗದ ಎಲೆಯ ದೊನ್ನೆಯಲ್ಲಿ ನೀರು ಹೊತ್ತಳು. ಮೊದಮೊದಲು ದೊನ್ನೆ ತುಂಬ ಬರುತ್ತಿತ್ತು, ಆಮೇಲೆ ಅರ್ಧ. ಹೊಳೆ ದೂರ ಸರಿದ ಹಾಗೆಲ್ಲ ದೊನ್ನೆ ಸೋರಿ ಸೋರಿ, ಕೊನೆಗೆ ಕರುವಿನ ನಾಲಿಗೆಗೆ ಮೂರು ಹನಿ ಮುಟ್ಟಿದರೆ ಹೆಚ್ಚು.

ಹುಣ್ಣಿಮೆಗೆ ತೊಗಲು ಕೆಂಪಗೆ, ಮೆತ್ತಗೆ, ಗಟ್ಟಿಯಾಗಿ ಎದ್ದು ಬಂತು. ಇನ್ನು ಅದನ್ನು ಚೀಲ ಮಾಡಬೇಕು. ಪುಂಡಿ ಗಿಡ ನಾರು ಕೊಟ್ಟಿತು, ಜೇನುಹುಳ ಮೇಣ ಕೊಟ್ಟಿತು. ಸಂಕವ್ವ ನಾರು ಹೊಸೆದು, ಮೇಣ ತಿಕ್ಕಿ ದಾರ ಮಾಡಿದಳು. ಬೆಣಚುಕಲ್ಲಿನ ಅಂಚಿನಿಂದ ತೊಗಲು ಕೊಯ್ದಳು. ಉಳಿದದ್ದು ಚುಚ್ಚುವ ಕೆಲಸ.

"ಚುಚ್ಚೂದಾ? ನನ್ನ ಬಿಟ್ಟು ಯಾರದಾರ?" ಎಂದು ಮುಳ್ಳುಹಂದಿ ಬೆನ್ನು ಝಾಡಿಸಿಕೊಂಡು ಬಂತು. ಅದರ ಮುಳ್ಳು ನೋಡಲು ಚೆಂದ, ಗೇಣುದ್ದ, ಕಪ್ಪುಬಿಳಿ ಪಟ್ಟೆ. ಬಿಸಿಲು ನೆತ್ತಿಗೆ ಬಂದಿತ್ತು, ಸಂಕವ್ವನಿಗೆ ಅವಸರ. ತೂತು ದೊಡ್ಡದಾದರೆ ದಾರ ಬೇಗ ದಾಟುತ್ತದೆ ಎಂದುಕೊಂಡು ಅದನ್ನೇ ಹಿಡಿದಳು. ನೀರು ತುಂಬಿದ ಕೂಡಲೇ ಒಂದೊಂದು ತೂತೂ ಒಂದೊಂದು ಝರಿಯಾಯಿತು. ಅವಸರದವಳ ಹೊಲಿಗೆ ನೀರಿಗೆ ಬಾಗಿಲು, ಇದನ್ನು ನಿನ್ನ ಮುತ್ತಜ್ಜಿ ನನ್ನ ತಲೆಗೆ ಮೊಟಕಿ ಮೊಟಕಿ ಹೇಳುತ್ತಿದ್ದಳು.

ಸಂಕವ್ವ ತೂತಾದ ಅಂಚನ್ನು ಕೊಯ್ದು ಬಿಸಾಕಿದಳು. ಚೀಲ ನಾಲ್ಕು ಬೆರಳು ಚಿಕ್ಕದಾಯಿತು. ಮೀನು ತನ್ನ ಮುಳ್ಳು ಕೊಟ್ಟಿತು. ಬಲು ಸಣ್ಣದು, ಆದರೆ ಮೂರನೆಯ ಚುಚ್ಚಿಗೇ ಲಟಕ್ಕೆಂದು ಮುರಿಯಿತು.

"ನನ್ನ ಕಡೆ ಯಾಕ ನೋಡವಲ್ಲಿ?" ಎಂದ ಜಾಲಿಯಜ್ಜ. "ನನ್ನ ಮುಳ್ಳು ನೋಡಾಕ ಚೆಂದಿಲ್ಲ ಅಂತನಾ?"

"ಹಂಗಲ್ಲ ಯಜ್ಜಾ. ತೊಗಟಿ ಕೊಟ್ಟಾಂವನ ಮುಂದ ಮತ್ತ ಹೆಂಗ ಕೈ ಒಡ್ಡಲಿ?"

"ಕೊಡಾಂವಗ ಇಲ್ಲದ ನಾಚಿಕಿ ತಗೊಳಾಕಿಗ್ಯಾಕ? ಕೀಳು!"

ಜಾಲಿ ಮುಳ್ಳು ತೆಳ್ಳಗೆ, ನೆಟ್ಟಗೆ, ಬಿರುಸಾಗಿತ್ತು. ದಾರಕ್ಕೆ ತಕ್ಕಷ್ಟೇ ತೂತು ಮಾಡಿತು. ಸಂಕವ್ವ ಅದರ ಬುಡಕ್ಕೆ ದಾರ ಕಟ್ಟಿ, ಒಳಗೆ ಹೋಗಿ ಹೊರಗೆ ಬಂದು, ಒಳಗೆ ಹೋಗಿ ಹೊರಗೆ ಬಂದು, ಇಡೀ ಚೀಲ ಹೊಲಿದಳು. ಹೊಳೆಯಲ್ಲಿ ಅದ್ದಿದಳು. ಒಂದು ಹನಿಯೂ ಸೋರಲಿಲ್ಲ! ಖುಷಿಯಿಂದ ಬೆನ್ನಿಗೆ ಹೊತ್ತು ಹೊರಟಳು.

ಅರ್ಧ ದಾರಿಯಲ್ಲಿ ಚೀಲ ಒಂದು ಕಲ್ಲಿಗೆ ಉಜ್ಜಿತು. ಒಂದೇ ಒಂದು ಕಡೆ ದಾರ ಹರಿಯಿತು. ಒಂದು ಹೊಲಿಗೆ ಬಿಟ್ಟಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನೋಡನೋಡುತ್ತಲೇ ಚೀಲ ಬಾಯಿ ಬಿಟ್ಟಿತು. ಬಿಸಿ ನೆಲ ನೀರನ್ನೆಲ್ಲ ಗಟಗಟ ಕುಡಿದುಬಿಟ್ಟಿತು.

ಗಾಳಿ ಓಡಿ ಬಂತು. "ಸಂಕವ್ವಾ, ಕರು ತಲಿ ನೆಲಕ್ಕಿಟ್ಟೈತಿ. ಕರದ್ರ ಕಿವಿ ಅಷ್ಟ ಅಲ್ಲಾಡಸ್ತೈತಿ. ಲಗೂ ಮಾಡು!"

ಸಂಕವ್ವ ಹೊಳೆಯ ಕಡೆ ತಿರುಗಿ ಕೈ ಮುಗಿದಳು. "ಹೊಳೆವ್ವಾ, ಇನ್ನ ದೂರ ಹೋಗಬ್ಯಾಡವ್ವಾ."

"ಸೂರ್ಯಪ್ಪ ಎಳಿಯಾಕ ಹತ್ಯಾನ, ನಾ ಏನ್ ಮಾಡ್ಲಿ?" ಎಂದಳು ಹೊಳೆ. "ಇವತ್ತೊಂದು ದಿನ ಕಲ್ಲು ಹಿಡಕೊಂಡು ನಿಂದರ್ತೀನಿ. ಬಂದು ತುಂಬಕೊಂಡು ಹೋಗು."

ಸಂಕವ್ವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಹರಿದ ದಾರ ಕಿತ್ತು, ಮುಳ್ಳನ್ನು ಮತ್ತೆ ಕೈಗೆತ್ತಿಕೊಂಡಳು. ಆಗ ಅವಳ ಬೆರಳ ಸಂದಿಯಿಂದ ಆ ಪುಟ್ಟ ಮುಳ್ಳು ಮಾತಾಡಿತು.

"ಯವ್ವಾ, ನಾ ಒಬ್ಬನ. ಒಳಗ ಹೋದಾಗ ಹೊರಗ ಬಯಲು, ಹೊರಗ ಬಂದಾಗ ಒಳಗ ಬಯಲು. ನನ್ನಂಥದ್ದ ಇನ್ನೊಂದು ಎದುರಿಗೆ ಕಳಸು. ಒಂದ ತೂತಿನಾಗ ಇಬ್ಬರೂ ದಾಟತೀವಿ. ಒಬ್ಬ ಜಾರಿದ್ರ ಇನ್ನೊಬ್ಬ ಹಿಡೀತಾನ."

ಸಂಕವ್ವ ಎದ್ದು ಮರದ ಹತ್ತಿರ ಓಡಿದಳು. ಬಾಯಿ ತೆರೆಯುವ ಮೊದಲೇ ಜಾಲಿಯಜ್ಜ ಕೊಂಬೆ ಬಗ್ಗಿಸಿದ್ದ.

ದಾರ ಒಂದೇ. ಆ ತುದಿಗೊಂದು ಮುಳ್ಳು, ಈ ತುದಿಗೊಂದು ಮುಳ್ಳು. ಇದು ಎಡದಿಂದ ಬಂತು, ಅದು ಬಲದಿಂದ ಬಂತು. ಒಂದೇ ತೂತಿನಲ್ಲಿ ಭೇಟಿಯಾದವು, ದಾಟಿದವು. ಸಂಕವ್ವ ಎರಡೂ ಕೈಯಿಂದ ಎಳೆದು ಬಿಗಿ ಮಾಡಿದಳು. ಮತ್ತೆ ಎಡದಿಂದ, ಮತ್ತೆ ಬಲದಿಂದ, ಮತ್ತೆ ಬಿಗಿ. ಈ ಸಲ ಅವಸರ ಮಾಡಲಿಲ್ಲ. ಕರುವಿನ ಮೇಲೆ ಜೀವ ಇಟ್ಟೇ ನಿಧಾನ ಮಾಡಿದಳು.

ಮುಗಿದ ಮೇಲೆ ಬೇಕೆಂದೇ ಒಂದು ಹೊಲಿಗೆಯನ್ನು ಕಲ್ಲಿನಿಂದ ಕೊಯ್ದು ಎಳೆದು ನೋಡಿದಳು. ಪಕ್ಕದ ಹೊಲಿಗೆ ಅಲ್ಲಾಡಲಿಲ್ಲ. ಕೊಯ್ದಲ್ಲಿ ಮತ್ತೆ ಹೊಲಿದು, ಹೊಳೆಗೆ ಹೋಗಿ ತುಂಬಿಕೊಂಡು ಬಂದಳು. ಚೀಲ ಕಲ್ಲಿಗೆ ಉಜ್ಜಿತು, ಕೊರಕಲಿಗೆ ತಾಗಿತು, ಸೋರಲಿಲ್ಲ.

ಕರು ಕಣ್ಣು ಬಿಟ್ಟಿರಲಿಲ್ಲ. ಸಂಕವ್ವ ಚೀಲದ ಬಾಯಿ ಅದರ ಮೂತಿಗೆ ಹಿಡಿದಳು. ಕರು ಮೊದಲು ಮೂಸಿತು. ಮತ್ತೆ ಮೂಸಿತು.

"ಅವ್ವಾ," ಅಂದಿತು. ಆಮೇಲೆ ಕುಡಿಯಿತು.

ಕೂಸೇ, ಸಾಯುವಷ್ಟು ಬಾಯಾರಿದ್ದ ಕರು ಅದು. ಆದರೂ ತಳದಲ್ಲಿ ಒಂದು ಗುಟುಕು ಉಳಿಸಿ ಮೂತಿ ಎತ್ತಿತು. "ಇದು ಯಜ್ಜಗ," ಎಂದಿತು. ಸಂಕವ್ವ ಅಳುತ್ತ ಅಳುತ್ತಲೇ ಆ ಗುಟುಕನ್ನು ಜಾಲಿಯ ಬುಡಕ್ಕೆ ಸುರಿದಳು.

ಮಳೆ ಬರುವ ತನಕ ಆ ಚೀಲ ಆ ಕರುವನ್ನು ಸಾಕಿತು. ಮೊದಲ ಮಳೆಯ ದಿನ ಸಂಕವ್ವ ಎರಡು ಮುಳ್ಳುಗಳನ್ನೂ ತೊಳೆದು ಮರಕ್ಕೆ ಒಪ್ಪಿಸಲು ಹೋದಳು. ಎರವಲು ತಂದ ಹತಾರವನ್ನು ತೊಳೆದು ಹಿಂದಕ್ಕೆ ಕೊಡಬೇಕು, ನಮ್ಮವರಲ್ಲಿ ಆ ಪದ್ಧತಿ ಅಂದಿನಿಂದ ಇದೆ.

"ಎಲ್ಲಿದ್ವು ಅಲ್ಲೇ ಇಡು," ಎಂದ ಜಾಲಿಯಜ್ಜ. ಒಂದನ್ನು ಕೆಳಗಿನ ಗೆಣ್ಣಿನಲ್ಲಿ ಇಟ್ಟಳು. ಇನ್ನೊಂದನ್ನು ಮೇಲಿನ ಕೊಂಬೆಗೆ ಒಯ್ಯುವಾಗ ಎರಡೂ ಒಟ್ಟಿಗೆ ಕೂಗಿದವು.

"ಬ್ಯಾಡ್ರಿ, ಬ್ಯಾಡ್ರಿ! ಹೊಲಿಗಿ ಹೊಲಿಗಿಗೂ ನಾವು ಭೇಟಿಯಾದವರು. ಇನ್ನ ಒಂಟಿ ಇರಾಕ ನಮಗ ಬರಂಗಿಲ್ಲ."

ಸಂಕವ್ವ ಮರದ ಮುಖ ನೋಡಿದಳು. ಮರ ನಕ್ಕಿತು. ಅವಳು ಎರಡನ್ನೂ ಒಂದೇ ಗೆಣ್ಣಿನಲ್ಲಿ ಅಕ್ಕಪಕ್ಕ ಊರಿದಳು. ಅವುಗಳ ಸುಖ ನೋಡಿ ಉಳಿದ ಮುಳ್ಳುಗಳಿಗೂ ಆಸೆಯಾಯಿತು. ಮುಂದಿನ ಚಿಗುರಿನ ಹೊತ್ತಿಗೆ ಜಾಲಿಯಜ್ಜ ಗೆಣ್ಣುಗೆಣ್ಣಿಗೂ ಎರಡೆರಡು ಮುಳ್ಳು ಬಿಟ್ಟ.

ಇಂದಿಗೂ ನಾನು ಚಪ್ಪಲಿ ಹೊಲಿಯುವುದು ಒಂದೇ ದಾರ, ಎರಡು ಸೂಜಿಯಲ್ಲಿ. ಚುಚ್ಚುವ ಆರಿಯಿಂದ ತೂತು ಮಾಡುವಾಗ ದಾರದಷ್ಟೇ ದಪ್ಪ ನೋಡುತ್ತೇನೆ. ಕೆಲಸ ಶುರು ಮಾಡುವ ಮೊದಲು ಆ ಮರದ ಬುಡಕ್ಕೆ ಒಂದು ಗುಟುಕು ನೀರು ಹಾಕುತ್ತೇನೆ. ನಮ್ಮ ಅನ್ನ ಅದರ ಕೊಡುಗೆ, ಮರೆಯಬಾರದು.

ಹೋಗಲಿ, ನೀನು ತುಳಿದು, ಕೈಯಲ್ಲಿ ಹಿಡಿದು ತಂದಿದ್ದೀಯಲ್ಲ ಜಾಲಿ ಕಡ್ಡಿ, ಅದನ್ನು ಇತ್ತ ಕೊಡು. ನೋಡು, ಒಂದು ಮುಳ್ಳು ನಿನ್ನ ಕಾಲಿನಲ್ಲಿದೆ, ಅದರ ಜೋಡಿ ಇಲ್ಲೇ ಗೆಣ್ಣಿನಲ್ಲಿದೆ. ಅಲ್ಲಾಡಬೇಡ. ಇಗೋ, ಬಂತು! ಆ ದಿನ ಸಂಕವ್ವ ಎರಡನ್ನೂ ಜೊತೆಗೆ ಊರಿದ್ದರಿಂದಲೇ ಕೂಸೇ, ಇವತ್ತಿಗೂ ಜಾಲಿಯ ಒಂದು ಮುಳ್ಳು ನಿನ್ನ ಕಾಲಿಗೆ ಚುಚ್ಚಿದರೆ, ಅದನ್ನು ತೆಗೆಯುವ ಇನ್ನೊಂದು ಮುಳ್ಳು ಅದರ ಪಕ್ಕದಲ್ಲೇ ಇರುತ್ತದೆ.